ಮೂತ್ರಪಿಂಡದ ಕಸಿಯೂ ಮೈಯ ಕೊಬ್ಬೂ

ಯುಗಾದಿಯ ಮರುದಿನ ನಮ್ಮ ಕೋಡಿಹಳ್ಳಿಯಲ್ಲಿ ಹೊಸತೊಡಕು. ಕನಕಪುರ ಸೀಮೆಯವರಿಗೆ ಅದೇನೆಂದು ವಿವರಿಸಬೇಕಾಗಿಲ್ಲ. ದೂರದ ಕೇಳುಗರಿಗಾಗಿ ಹೇಳುತ್ತೇನೆ: ಹಬ್ಬದ ದಿನ ಒಬ್ಬಟ್ಟು ಉಂಡ ಬಾಯಿಗೆ ಮರುದಿನ ಬಾಡೂಟ, ನೆಂಟರಿಷ್ಟರೆಲ್ಲ ಕೂಡುವ ದಿನ. 2023ರ ಹೊಸತೊಡಕಿನ ಮಧ್ಯಾಹ್ನ ನಾನು ನನ್ನ ತಂಗಿಯ ಮನೆಯ ಜಗಲಿಯ ಮೇಲೆ ಕುಳಿತಿದ್ದೆ. ಒಳಗಿನಿಂದ ನನ್ನ ಅಳಿಯ, ಎಂದರೆ ತಂಗಿಯ ಮಗ, ಹೊರಗೆ ಬಂದ. ಅದಕ್ಕೆ ಸುಮಾರು ಒಂದೂವರೆ ವರ್ಷದ ಹಿಂದೆ ಅವನಿಗೆ ಮೂತ್ರಪಿಂಡದ ಕಸಿಯಾಗಿತ್ತು. ಮೂತ್ರಪಿಂಡ ಕೊಟ್ಟವಳು ನನ್ನ ತಂಗಿಯೇ. ಜಗಲಿಯ ಮೇಲಿದ್ದ ಹಿರಿಯರೊಬ್ಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮೈ ತುಂಬ್ಕೊಂಡವ್ನೆ ಕಣಯ್ಯ ಹುಡ್ಗ! ಇನ್ನೇನೂ ಯೋಚ್ನೆ ಇಲ್ಲ” ಎಂದರು. ಎಲ್ಲರೂ ಹೌದು ಹೌದೆಂದರು. ನಾನೂ ಹೌದೆಂದೆ.

ಆ ‘ಹೌದು’ ಎಷ್ಟು ಅವಸರದ್ದಾಗಿತ್ತೆಂಬುದು ನನಗೆ ತಿಳಿದದ್ದು ಕೆಲವು ತಿಂಗಳ ಮೇಲೆ. ನಾನು ವೈದ್ಯನಲ್ಲ; ಮೂರು ದಶಕಗಳಿಗೂ ಮಿಗಿಲಾಗಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಅಂಥವನು ಮೂತ್ರಪಿಂಡದ ವಿಷಯ ಮಾತನಾಡುವುದು ಅಧಿಕಪ್ರಸಂಗವೆಂದು ಯಾರಾದರೂ ಹೇಳಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಆದರೆ ಇದೇ ವಿಷಯದಲ್ಲಿ ಅರೆತಿಳಿವಳಿಕೆಯ ಒಂದು ಮಾತಾಡಿ, ಅದರ ಫಲವನ್ನು ಕಣ್ಣಾರೆ ಕಂಡವನು ನಾನು. ವೈದ್ಯರಿಂದ ಕೇಳಿ, ಓದಿ, ಮತ್ತೆ ಅವರಲ್ಲೇ ತಿದ್ದಿಸಿಕೊಂಡಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ನನ್ನ ಕಸುಬಿನ ಮಾತು. ನಮ್ಮ ಭಾಷೆಯಲ್ಲಿ ‘ತುಂಬು’ ಎಂಬುದು ಮಂಗಳದ ಶಬ್ದ. ಕೆರೆ ತುಂಬುತ್ತದೆ, ಕಣಜ ತುಂಬುತ್ತದೆ, ಸೊಸೆ ಮನೆ ತುಂಬುತ್ತಾಳೆ. ಬಡತನವನ್ನೂ ಬರವನ್ನೂ ಕಂಡ ಜನ, ಮೈ ತುಂಬಿಕೊಂಡಿತೆಂದರೆ ದೇವರು ಕಣ್ಣು ಬಿಟ್ಟನೆಂದೇ ತಿಳಿಯುತ್ತಾರೆ. ಅದೇ ಮೈಗೆ ‘ಕೊಬ್ಬು’ ಎಂಬ ಇನ್ನೊಂದು ಮಾತಿದೆ, ಅದು ಬೈಗುಳ. “ಅವನಿಗೆ ಕೊಬ್ಬು” ಎಂದರೆ ಸೊಕ್ಕು ಎಂದರ್ಥವೇ ಹೊರತು ಶರೀರಶಾಸ್ತ್ರವಲ್ಲ. ಹೀಗೆ ಒಂದೇ ಮೈಯನ್ನು ಹೊಗಳಲು ಒಂದು ಮಾತು, ತೆಗಳಲು ಒಂದು ಮಾತು ನಮ್ಮಲ್ಲಿವೆ. ಕಸಿಯಾದವನ ಮೈ ಬೆಳೆದಾಗ ಈ ಎರಡೂ ಸಲ್ಲುವುದಿಲ್ಲ. ಅದು ಪೂರ್ತಿ ಆರೋಗ್ಯದ ಗುರುತೂ ಅಲ್ಲ, ಅವನ ಸೊಕ್ಕೂ ಅಲ್ಲ. ಬಹುಪಾಲು ಅದು ಔಷಧಿ, ಹಸಿವು ಮತ್ತು ಪ್ರೀತಿ ಕೂಡಿ ಮಾಡಿದ ಕೆಲಸ.

ನಮ್ಮೂರಿನ ಹೆಸರಿನಲ್ಲೇ ಕೋಡಿಯಿದೆ. ಕೆರೆಯಲ್ಲಿ ಹೆಚ್ಚಾದ ನೀರು ಏರಿಗೆ ಅಪಾಯವಾಗದಂತೆ ಹೊರಗೆ ಹರಿದುಹೋಗುವ ಜಾಗ ಅದು. ಮೂತ್ರಪಿಂಡವನ್ನು ದೇಹದ ಕೋಡಿ ಎನ್ನಬಹುದು. ಆದರೆ ಇದು ಜಾಣ ಕೋಡಿ, ಬೇಡವಾದುದನ್ನು ಆರಿಸಿ ಹೊರಗೆ ಬಿಡುತ್ತದೆ. ನನ್ನ ಅಳಿಯನಲ್ಲಿ ಅದು ಮುಚ್ಚಿಹೋಗಿತ್ತು. ಎರಡು ವರ್ಷ ಕಾಲ ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ಆ ಎರಡು ವರ್ಷದ ಊಟವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ನೀರು ಅಳತೆಯದು. ಎಳನೀರು, ಬಾಳೆಹಣ್ಣು ನಿಷಿದ್ಧ; ಪೊಟಾಸಿಯಂ ಹೆಚ್ಚಿದರೆ ಹೃದಯದ ಬಡಿತವೇ ತಪ್ಪುತ್ತದೆ. ಪೊಟಾಸಿಯಂ, ರಂಜಕ ಎರಡೂ ಇರುವ ಕಾರಣ ರಾಗಿಯೂ ಬೇಡವೆಂದರು. ಕನಕಪುರದ ರೈತನಿಗೆ ಮುದ್ದೆ ಬೇಡವೆನ್ನುವುದು! ತರಕಾರಿ, ಸೊಪ್ಪುಗಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ ತಿನ್ನಬೇಕಾಗಿತ್ತು. ನಮ್ಮ ಕಡೆಯ ಬಸ್ಸಾರು ಬಲ್ಲವರಿಗೆ ಇದರ ವ್ಯಂಗ್ಯ ಹೊಳೆದೀತು: ಬೇಯಿಸಿ ಬಸಿದ ಆ ನೀರೇ ಬಸ್ಸಾರಿನ ಜೀವ. ಅವನು ಯಾವುದನ್ನು ಚೆಲ್ಲಬೇಕಾಗಿತ್ತೋ ಅದನ್ನೇ ಮನೆಮಂದಿಯೆಲ್ಲ ಸುರಿದುಕೊಂಡು ಉಣ್ಣುತ್ತಿದ್ದರು. ಬಾಯಿಗೆ ಕಬ್ಬಿಣ ನೆಕ್ಕಿದಂಥ ರುಚಿ, ಓಕರಿಕೆ. ತೂಕ 52 ಕಿಲೋಗೆ ಇಳಿದಿತ್ತು.

2021ರ ಕೊನೆಯಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕಸಿಯಾಯಿತು. ಹೊಸ ಮೂತ್ರಪಿಂಡವನ್ನು ಬೆನ್ನಿನ ಕಡೆ, ಹಳೆಯದರ ಜಾಗದಲ್ಲಿ ಇಡುತ್ತಾರೆಂದೇ ನಾವೆಲ್ಲ ಭಾವಿಸಿದ್ದೆವು. ಹಾಗಲ್ಲ, ಹಳೆಯವನ್ನು ಸಾಮಾನ್ಯವಾಗಿ ಇದ್ದಲ್ಲೇ ಬಿಟ್ಟು, ಹೊಸದನ್ನು ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಕೂರಿಸುತ್ತಾರೆ. “ಅಮ್ಮ ಇಲ್ಲವಳೆ” ಎಂದು ಅವನು ಹೊಟ್ಟೆಯ ಬಲಗಡೆ ಮುಟ್ಟಿ ತೋರಿಸುತ್ತಾನೆ.

‘ಕಸಿ’ ಎಂಬ ಮಾತು ತೋಟದಿಂದ ಬಂದದ್ದು. ನಮ್ಮ ರಾಮನಗರ, ಮಾಗಡಿಯ ಮಾವಿನ ತೋಪಿನವರು ನಾಟಿ ಗಿಡಕ್ಕೆ ಬಾದಾಮಿಯ ಕುಡಿಯನ್ನು ಕಟ್ಟಿ ಕಸಿ ಮಾಡುತ್ತಾರೆ. ಕೂಡಿಕೊಂಡರೆ ಗಿಡಕ್ಕೆ ಮತ್ತೇನೂ ಬೇಕಾಗಿಲ್ಲ. ಮನುಷ್ಯನ ಮೈ ಮಾವಿನ ಗಿಡದಷ್ಟು ಉದಾರಿಯಲ್ಲ. ತನ್ನದಲ್ಲದ ಜೀವಕೋಶವನ್ನು ಅದು ಶತ್ರುವೆಂದು ಗುರುತಿಸಿ ಕೊಲ್ಲಲು ಹೊರಡುತ್ತದೆ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮತ್ತು ಅವರ ಸಂಗಡಿಗರು ಮಾಡಿದ ಮೂತ್ರಪಿಂಡದ ಕಸಿ ಯಶಸ್ವಿಯಾದದ್ದು ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದುದರಿಂದ. ಅವರ ಮೈಗಳಿಗೆ ತನ್ನದು, ಅವನದು ಎಂಬ ಭೇದವೇ ತಿಳಿಯಲಿಲ್ಲ. ಎಲ್ಲರಿಗೂ ಅವಳಿಗಳಿರುತ್ತಾರೆಯೆ? ತಾಯಿಯ ಮೂತ್ರಪಿಂಡ ಕೂಡ ಮಗನ ಮೈಗೆ ಅರ್ಧ ಪರಕೀಯವೇ. ಆದುದರಿಂದ ಮೈಯ ಕಾವಲನ್ನು ಮೆತ್ತಗೆ ಮಾಡುವ ಔಷಧಿಗಳು ಬೇಕಾದುವು. ನಮ್ಮ ದೇಶದಲ್ಲಿ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ಕಸಿ ಯಶಸ್ವಿಯಾದಾಗ ವೈದ್ಯರ ಕೈಯಲ್ಲಿದ್ದುವು ಮುಖ್ಯವಾಗಿ ಎರಡು ಬಗೆಯವು: ಅಜಥಯೋಪ್ರಿನ್ ಮತ್ತು ಸ್ಟೀರಾಯ್ಡ್.

ಅನಂತರ ಬಂದ ಔಷಧಿಗಳ ಕಥೆ ಸಾಹಿತ್ಯಪ್ರಿಯರಿಗೂ ಹಿಡಿಸುವಂಥದು. ಏಕೆಂದರೆ ಅವು ಮಣ್ಣಿನಿಂದ ಬಂದುವು. ನಾರ್ವೆಯ ಎತ್ತರದ ಪ್ರಸ್ಥಭೂಮಿಯೊಂದರ ಮಣ್ಣಿನಲ್ಲಿ ಸಿಕ್ಕ ಬೂಷ್ಟಿನಿಂದ ಸೈಕ್ಲೊಸ್ಪೊರಿನ್. ಶಾಂತಸಾಗರದ ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿರೊಲಿಮಸ್. ಜಪಾನಿನ ತ್ಸುಕುಬಾದ ಮಣ್ಣಿನಿಂದ 1984ರಲ್ಲಿ ಟ್ಯಾಕ್ರೊಲಿಮಸ್. ಇವು ಬಂದ ಮೇಲೆ ಕಸಿಗೊಂಡ ಮೂತ್ರಪಿಂಡ ಉಳಿಯುವ ಭರವಸೆ ಬಹಳ ಹೆಚ್ಚಿತು. ಬೆಂಗಳೂರಿನ ವಿಕ್ಟೋರಿಯ ಆಸ್ಪತ್ರೆಯ ಆವರಣದ ನೆಫ್ರೊ ಯುರಾಲಜಿ ಸಂಸ್ಥೆಯಂಥ ಸರ್ಕಾರಿ ಕೇಂದ್ರದಲ್ಲೂ ಇಂದು ಕಸಿ ನಡೆಯುತ್ತದೆ. ಮರಣಾನಂತರ ದಾನವಾಗುವ ಅಂಗಗಳ ಹಂಚಿಕೆಗೆ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಎಂಬ ಸಂಸ್ಥೆಯಿದೆ. ಹೆಸರಿಟ್ಟವರಾರೋ ಭಾಷೆ ಬಲ್ಲವರು.

ಈಗ ಕೊಬ್ಬಿನ ವಿಷಯಕ್ಕೆ ಬರೋಣ. ಕಾವಲನ್ನು ಮೆತ್ತಗೆ ಮಾಡುವ ಔಷಧಿಗಳು ಅದೊಂದೇ ಕೆಲಸ ಮಾಡಿ ಸುಮ್ಮನಿರುವುದಿಲ್ಲ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಹಸಿವನ್ನು ಕೆರಳಿಸುತ್ತದೆ. ಇನ್ಸುಲಿನ್ ಹೇಳಿದ ಮಾತನ್ನು ಮೈ ಕೇಳದಂತೆ ಮಾಡುತ್ತದೆ. ಕೈಕಾಲಿನ ಸ್ನಾಯು ಸೊರಗಿ, ಕೊಬ್ಬು ಹೊಟ್ಟೆಯಲ್ಲೂ ಕತ್ತಿನ ಹಿಂದೆಯೂ ಕೆನ್ನೆಯಲ್ಲೂ ಸೇರುತ್ತದೆ. ದುಂಡಗಾಗುವ ಆ ಮುಖಕ್ಕೆ ವೈದ್ಯರು ಚಂದ್ರನ ಹೆಸರನ್ನೇ ಇಟ್ಟಿದ್ದಾರೆ. ಕಾವ್ಯದಲ್ಲಿ ಚಂದ್ರಮುಖ ಹೊಗಳಿಕೆ; ಆಸ್ಪತ್ರೆಯ ಚೀಟಿಯಲ್ಲಿ ಅದು ಔಷಧಿಯ ಉಪದ್ರವ. ಮೊದಲ ತಿಂಗಳುಗಳಲ್ಲಿ ಈ ಗುಳಿಗೆಯ ಪ್ರಮಾಣ ಹೆಚ್ಚು. ಮೆಲ್ಲಮೆಲ್ಲನೆ ಇಳಿಸುತ್ತ ಹಲವರಲ್ಲಿ ದಿನಕ್ಕೆ 5 ಮಿಲಿಗ್ರಾಮಿನ ಸುಮಾರಿಗೆ ತರುತ್ತಾರೆ.

ಇತ್ತ ಡಯಾಲಿಸಿಸ್ಸಿನ ಪಥ್ಯ ಮುಗಿದಿರುತ್ತದೆ. ರಕ್ತ ಶುದ್ಧವಾಗಿ ನಾಲಗೆಗೆ ರುಚಿ ಮರಳಿರುತ್ತದೆ. ಎರಡು ವರ್ಷ ಕಟ್ಟಿಹಾಕಿದ್ದ ಹಸಿವಿನ ಮೇಲೆ ಸ್ಟೀರಾಯ್ಡಿನ ಹಸಿವು ಸೇರುತ್ತದೆ. ನನ್ನ ಅಳಿಯ ರೇಷ್ಮೆ ಸಾಕುವವನು. ಅವನದೇ ಮಾತಿನಲ್ಲಿ ಹೇಳುವುದಾದರೆ, “ನಾಕ್ನೇ ಜ್ವರ ಎದ್ದ ಹುಳೀನಂಗಾಗದೆ ಮಾವ ನನ್ ಹಸಿವು.” ರೇಷ್ಮೆಹುಳು ಪೊರೆ ಬಿಡುವ ಕಾಲವನ್ನು ನಮ್ಮವರು ಜ್ವರವೆನ್ನುತ್ತಾರೆ, ನಾಲ್ಕನೆಯ ಜ್ವರದಿಂದೆದ್ದ ಹುಳು ತನ್ನ ಆಯುಸ್ಸಿನ ಸೊಪ್ಪಿನ ಬಹುಪಾಲನ್ನು ಆಗಲೇ ತಿನ್ನುತ್ತದೆ. ತಿನ್ನುವ ಸದ್ದು ಮಳೆ ಬಂದಂತೆ ಕೇಳಿಸುತ್ತದೆ. ಇನ್ನು ಮಣ್ಣು, ದೂಳು, ಹುಳುಮನೆಯ ಕಸದಿಂದ ಕೆಲವು ತಿಂಗಳು ದೂರವಿರೆಂದು ವೈದ್ಯರು ಹೇಳಿದ್ದರು, ಸೋಂಕು ತಗಲೀತೆಂದು. ಮನೆಯವರು ಆ ಕೆಲವು ತಿಂಗಳನ್ನು ಒಂದೂವರೆ ವರ್ಷ ಮಾಡಿದರು. ಹಿಪ್ಪುನೇರಳೆ ತೋಟಕ್ಕೆ ಹೆಂಡತಿಯೂ ಆಳುಗಳೂ ಹೋದರು. ಇವನು ಜಗಲಿಯಲ್ಲಿ ಕುಳಿತ.

ಮೊದಲ ವರ್ಷದಲ್ಲಿ ಐದರಿಂದ ಹತ್ತು ಕಿಲೋ ಏರುವುದು ಕಸಿಯಾದವರಲ್ಲಿ ಸಾಮಾನ್ಯವೆಂದು ವೈದ್ಯರು ಹೇಳುತ್ತಾರೆ. ಅದರಲ್ಲಿ ಒಂದು ಪಾಲು ಕಳೆದುಕೊಂಡುದರ ಮರುಗಳಿಕೆ, ಬರಬೇಕಾದದ್ದೇ. ನಮ್ಮವನು ಆ ಹೊಸತೊಡಕಿನ ಹೊತ್ತಿಗೆ 71 ಕಿಲೋ ಇದ್ದ. ಐದೂವರೆ ಅಡಿಯೂ ಮುಟ್ಟದ ಎತ್ತರಕ್ಕೆ ಅದು ಭಾರತೀಯರ ಲೆಕ್ಕದಲ್ಲಿ ಬೊಜ್ಜಿನ ವರ್ಗ. ನಮ್ಮ ಜನ ಕಡಿಮೆ ತೂಕದಲ್ಲೇ ಹೊಟ್ಟೆಯೊಳಗೆ ಹೆಚ್ಚು ಕೊಬ್ಬು ಕೂಡಿಡುವವರಾದ್ದರಿಂದ ಯುರೋಪಿನವರ ಅಳತೆ ನಮಗೆ ಸಲ್ಲದು. ಗಂಡಸಿನ ಸೊಂಟ 90 ಸೆಂಟಿಮೀಟರ್, ಹೆಂಗಸಿನದು 80 ಸೆಂಟಿಮೀಟರ್ ಮೀರಿದರೆ ಎಚ್ಚರಿಕೆ ಬೇಕು.

ಕಣ್ಣಿಗೆ ಕಾಣುವ ಕೊಬ್ಬು ಇದಾದರೆ, ಕಾಣದ ಕೊಬ್ಬು ರಕ್ತದಲ್ಲಿರುವುದು. ಎಣ್ಣೆ ನೀರಿನಲ್ಲಿ ಬೆರೆಯದಷ್ಟೆ? ರಕ್ತ ನೀರಿನ ಜಾತಿಯದು. ಆದುದರಿಂದ ಕೊಬ್ಬನ್ನು ಪ್ರೋಟೀನಿನ ಹೊದಿಕೆಯಲ್ಲಿ ಸುತ್ತಿ, ಗಾಡಿಯ ಮೇಲೆ ಹೇರಿದಂತೆ, ಯಕೃತ್ತು ರಕ್ತದೊಳಕ್ಕೆ ಕಳುಹಿಸುತ್ತದೆ. ಎಲ್‌ಡಿಎಲ್ ಎಂಬುದು ಅಂಥ ಗಾಡಿಗಳಲ್ಲೊಂದು. ಅದರ ಸರಕು ಕೊಲೆಸ್ಟರಾಲ್. ಕೆಲಸ ಮುಗಿಸಿದ ಗಾಡಿಗಳನ್ನು ಮರಳಿ ಒಳಗೆಳೆದುಕೊಳ್ಳಲು ಯಕೃತ್ತಿನ ಕೋಶಗಳ ಮೇಲೆ ಕೊಂಡಿಗಳಿವೆ. ಇವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಹುಮಾನ ಬಂದಿತು. ಸೈಕ್ಲೊಸ್ಪೊರಿನ್ ಈ ಮರಳಿ ಎಳೆದುಕೊಳ್ಳುವ ಕೆಲಸಕ್ಕೆ ಅಡ್ಡಿಮಾಡುತ್ತದೆ. ಗಾಡಿಗಳು ಬೀದಿಯಲ್ಲೇ ಉಳಿಯುತ್ತವೆ. ಸ್ಟೀರಾಯ್ಡ್ ಹೊಸ ಗಾಡಿಗಳನ್ನು ಹೆಚ್ಚು ಹೊರಡಿಸುತ್ತದೆ. ಸಿರೊಲಿಮಸ್ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಬಗೆಯ ಕೊಬ್ಬನ್ನೂ ಏರಿಸುತ್ತದೆ. ಟ್ಯಾಕ್ರೊಲಿಮಸ್ ಕೊಬ್ಬಿನ ಮಟ್ಟಿಗೆ ಸೌಮ್ಯ, ಆದರೆ ಸಕ್ಕರೆ ಕಾಯಿಲೆ ತರುವುದರಲ್ಲಿ ಮುಂದು. ಯಾವುದೂ ಪುಕ್ಕಟೆಯಲ್ಲ.

ಬೀದಿಯಲ್ಲುಳಿದ ಕೊಲೆಸ್ಟರಾಲ್ ರಕ್ತನಾಳದ ಗೋಡೆಯೊಳಗೆ ಸೇರಿ ಗಂಟು ಕಟ್ಟುತ್ತದೆ. ನೋವಿಲ್ಲ, ಗುರುತಿಲ್ಲ, ರಕ್ತಪರೀಕ್ಷೆಯೊಂದೇ ಸಾಕ್ಷಿ. ಕಸಿಯಾದವನ ಹೃದಯ ಕಾಯಿಲೆಯ ವರ್ಷಗಳಲ್ಲೇ, ಏರಿದ ರಕ್ತದೊತ್ತಡದಿಂದ, ಸವೆದಿರುತ್ತದೆ. ಅದರ ಮೇಲೆ ಇದು. ನಾನು ಓದಿ ತಿಳಿದ ಸಂಗತಿಗಳಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದೆಂದರೆ, ಕಸಿಯಾದ ಅನೇಕರು ತೀರಿಕೊಳ್ಳುವುದು ಮೂತ್ರಪಿಂಡ ಕೆಟ್ಟಲ್ಲ. ಅದು ಚೆನ್ನಾಗಿ ಕೆಲಸಮಾಡುತ್ತಿರುವಾಗಲೇ. ಅಂಥ ಸಾವುಗಳ ಮುಖ್ಯ ಕಾರಣಗಳಲ್ಲಿ ಹೃದಯರೋಗ ಮುಂದಿನ ಸಾಲಿನದು. 1999ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಸ್ಪರ್ಧಿಸಿ ಕನ್ನಡದಲ್ಲಿ ಮಾತನಾಡಿ ಜನರನ್ನು ಬೆರಗುಗೊಳಿಸಿದ ಸುಷ್ಮಾ ಸ್ವರಾಜ್ ಅವರನ್ನು ನೀವು ಮರೆತಿರಲಾರಿರಿ. 2016ರ ಡಿಸೆಂಬರಿನಲ್ಲಿ ದೆಹಲಿಯ ಏಮ್ಸ್‌ನಲ್ಲಿ ಅವರಿಗೆ ಮೂತ್ರಪಿಂಡದ ಕಸಿಯಾಯಿತು. 2019ರ ಆಗಸ್ಟ್ 6ರಂದು ಹೃದಯಸ್ತಂಭನದಿಂದ ತೀರಿಕೊಂಡರು. ಅವರಿಗೆ ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಒಬ್ಬರ ಸಾವಿನಿಂದ ಸಿದ್ಧಾಂತ ಕಟ್ಟುವುದು ಸಲ್ಲದು. ಕಸಿಯಾದವರ ವಿಷಯದಲ್ಲಿ ಹೃದಯವನ್ನೂ ನೆನೆಯಬೇಕೆಂದಷ್ಟೇ ನನ್ನ ಮಾತು.

ಮೂತ್ರಪಿಂಡಕ್ಕೂ ಬೊಜ್ಜಿನಿಂದ ಹೊರೆಯಿದೆ. ನನ್ನ ತಂಗಿ 46 ಕಿಲೋ ತೂಕದ ಸಣ್ಣ ಮೈಯವಳು. “ಈ ಮೂತ್ರಪಿಂಡ ನಿಮ್ಮ ತಾಯಿಯ ಅಳತೆಯದು. ನೀವು ಬೆಳೆದಂತೆ ಅದು ಬೆಳೆಯುವುದಿಲ್ಲ, ದುಡಿಯುತ್ತದೆ ಅಷ್ಟೆ” ಎಂದು ಅಲ್ಲಿಯ ವೈದ್ಯೆ ಹೇಳಿದರು. ಆ ವಾಕ್ಯವನ್ನು ನಾನು ಮನೆಗೆ ಬಂದು ಬರೆದಿಟ್ಟುಕೊಂಡೆ.

ಆದರೆ ಅವರ ಆ ಮಾತಿಗೆ ಮೊದಲು ನನ್ನ ಮಾತೊಂದು ಆಡಿಯಾಗಿತ್ತು. ಹೊಸತೊಡಕು ಕಳೆದು ಒಂದೆರಡು ತಿಂಗಳಿಗೆ ಅಳಿಯ ನನ್ನ ಮನೆಗೆ ಬಂದಿದ್ದ. ಮದುವೆಯೊಂದರ ಫೋಟೋ ನೋಡಿ ಯಾರೋ ನಕ್ಕಿದ್ದರಂತೆ. “ಮುಖ ಯಾಕ್ ಮಾವ ಹಿಂಗಾಯ್ತು?” ಎಂದು ಕೇಳಿದ. ನಾನು ಅವನ ಚೀಟಿಯನ್ನು ನೋಡಿ, ಗುಳಿಗೆಯ ಹೆಸರನ್ನು ಪುಸ್ತಕದಲ್ಲಿ ಹುಡುಕಿ, ಮೇಷ್ಟರ ಠೀವಿಯಿಂದ, “ಇದಕ್ಕೆಲ್ಲ ಮೂಲ ಈ ಸ್ಟೀರಾಯ್ಡ್ ಕಣಯ್ಯ” ಎಂದು ಅಪ್ಪಣೆ ಕೊಡಿಸಿದೆ. ಸುಳ್ಳೇನಲ್ಲ. ಆದರೆ ಅದನ್ನು ತಾನಾಗಿ ಬಿಡಬಾರದೆಂಬ ಉಳಿದರ್ಧ ಮಾತನ್ನು ನಾನು ಹೇಳಲಿಲ್ಲ. ನನಗೆ ತಿಳಿದೂ ಇರಲಿಲ್ಲ. ಅವನು ಮನೆಗೆ ಹೋಗಿ, ಯಾರಿಗೂ ಹೇಳದೆ, ಆ ಗುಳಿಗೆಯನ್ನು ನಿಲ್ಲಿಸಿದ. ಮೂರು ವಾರ.

ಕಾವಲು ಎಚ್ಚೆತ್ತಿತು. ತಿಂಗಳ ಪರೀಕ್ಷೆಯಲ್ಲಿ 1.2 ಇದ್ದ ಕ್ರಿಯಾಟಿನೈನ್ 2.1ಕ್ಕೆ ಏರಿತ್ತು. ಆಸ್ಪತ್ರೆಗೆ ಸೇರಿಸಿ, ಕಸಿಯ ಮೂತ್ರಪಿಂಡದಿಂದ ಸೂಜಿಯಲ್ಲಿ ತುಣುಕು ತೆಗೆದು ನೋಡಿದರು: ಮೈ ಅದನ್ನು ತಿರಸ್ಕರಿಸತೊಡಗಿತ್ತು. ಚಿಕಿತ್ಸೆ ಏನೆಂದುಕೊಂಡಿರಿ? ಅದೇ ಸ್ಟೀರಾಯ್ಡ್, ರಕ್ತನಾಳದ ಮೂಲಕ, ದಿನದ ಗುಳಿಗೆಯ ನೂರು ಪಟ್ಟಿಗೂ ಮೀರಿದ ಪ್ರಮಾಣದಲ್ಲಿ. ನನ್ನ ತಂಗಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, “ನಂದೇ ಏನಾರ ಕೆಟ್ಟಿತ್ತೇನಣ್ಣ?” ಎಂದಳು. ತಾನು ಕೊಟ್ಟದ್ದರಲ್ಲೇ ದೋಷವಿತ್ತೆಂದು ಅವಳ ಭಾವನೆ. ಆಗ ನಾನು ನಡೆದುದನ್ನು ಹೇಳಿದೆ. ಅವಳು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಕ್ರಿಯಾಟಿನೈನ್ ಕೊನೆಗೆ 1.5ಕ್ಕೆ ಬಂದು ನಿಂತಿತು, 1.2ಕ್ಕೆ ಮತ್ತೆ ಇಳಿಯಲಿಲ್ಲ.

ಆದುದರಿಂದ ಈ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬೊಜ್ಜಿಗೋ ಮುಖಕ್ಕೋ ಹೆದರಿ ಕಸಿಯ ಔಷಧಿಯಲ್ಲಿ ಒಂದು ಗುಳಿಗೆಯನ್ನೂ ತಾನಾಗಿ ಬಿಡುವುದು, ಅರ್ಧ ಮಾಡುವುದು ಕೂಡದು. ಇಳಿಸಬಹುದೆ, ಬದಲಿಸಬಹುದೆ ಎಂದು ವೈದ್ಯರನ್ನು ಕೇಳಲು ಸಂಕೋಚವೂ ಬೇಡ. ಅದು ಅವರು ದಿನವೂ ಮಾಡುವ ತೂಗುವಿಕೆ. ತೆಳ್ಳಗಾಗಿಸುವ ಪುಡಿ, ಕಷಾಯಗಳ ಜಾಹೀರಾತುಗಳಿಂದ ದೂರವಿರಬೇಕು. ಅವು ರಕ್ತದಲ್ಲಿ ಔಷಧಿಯ ಮಟ್ಟವನ್ನು ಏರುಪೇರು ಮಾಡಬಲ್ಲವು. ನಮ್ಮ ಹೆಮ್ಮೆಯ ದೇವನಹಳ್ಳಿ ಚಕ್ಕೋತವೂ ಕಸಿಯಾದವರಿಗೆ ವರ್ಜ್ಯ. ಸೈಕ್ಲೊಸ್ಪೊರಿನ್, ಟ್ಯಾಕ್ರೊಲಿಮಸ್‌ಗಳನ್ನು ಅರಗಿಸುವ ಕಿಣ್ವವನ್ನು ಆ ಹಣ್ಣಿನ ರಸ ತಡೆಯುವುದರಿಂದ ಔಷಧಿ ರಕ್ತದಲ್ಲಿ ವಿಷದ ಮಟ್ಟಕ್ಕೆ ಏರಬಹುದು. ಇದನ್ನು ಕೇಳಿದಾಗ ನನಗೆ ನಿಜಕ್ಕೂ ದುಃಖವಾಯಿತು.

ರಕ್ತದ ಕೊಬ್ಬನ್ನು ಇಳಿಸುವುದಕ್ಕೆ ಸ್ಟ್ಯಾಟಿನ್ ಜಾತಿಯ ಔಷಧಿಗಳಿವೆ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ ಇವುಗಳ ಮೊದಲನೆಯದನ್ನು ಕಂಡರು. ಒಂದು ಬೂಷ್ಟು ಏರಿಸಿದ್ದನ್ನು ಇನ್ನೊಂದು ಬೂಷ್ಟು ಇಳಿಸುವ ಈ ಲೀಲೆ ವಿಚಿತ್ರವಲ್ಲವೆ? ಕಸಿಯಾದ 2102 ಮಂದಿಯನ್ನು ಸುಮಾರು ಐದು ವರ್ಷ ಗಮನಿಸಿ ನಡೆಸಿದ ‘ಅಲರ್ಟ್’ ಎಂಬ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಒಟ್ಟು ಲೆಕ್ಕದಲ್ಲಿ ಲಾಭ ಖಚಿತವಾಗಲಿಲ್ಲ. ಆದರೆ ಹೃದಯದ ಕಾರಣದ ಸಾವು ಮತ್ತು ಹೃದಯಾಘಾತಗಳು ಮೂರನೆಯ ಒಂದರಷ್ಟು ಕಡಿಮೆಯಾದುವು. ಸೈಕ್ಲೊಸ್ಪೊರಿನ್ ಸೇವಿಸುವವರಲ್ಲಿ ಸ್ಟ್ಯಾಟಿನ್ ರಕ್ತದಲ್ಲಿ ಹೆಚ್ಚು ನಿಲ್ಲುವುದರಿಂದ ಪ್ರಮಾಣ ಸಣ್ಣದಿರಬೇಕು. ಕಾರಣವಿಲ್ಲದೆ ಸ್ನಾಯು ನೋಯತೊಡಗಿದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ, ಒಡನೆ ತಿಳಿಸಬೇಕು.

ಇನ್ನು ಅಡುಗೆಮನೆ. ಮುದ್ದೆಯಿಂದ ಬೊಜ್ಜು ಬರುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 350, ಅಂತರ ಅಷ್ಟೇ. ರಾಗಿಯ ಹಿರಿಮೆ ಅದರ ನಾರಿನಲ್ಲಿ, ಸುಣ್ಣದ ಅಂಶದಲ್ಲಿ. ಸ್ಟೀರಾಯ್ಡ್ ಮೂಳೆಯನ್ನು ಸವೆಸುವುದರಿಂದ ಆ ಸುಣ್ಣ ಬೇಕಾದದ್ದೇ. ಹೊಲದಲ್ಲಿ ದುಡಿಯುವವನು ಎರಡು ದೊಡ್ಡ ಮುದ್ದೆ ಉಣ್ಣಲಿ, ಜಗಲಿಯಲ್ಲಿ ಕುಳಿತವನು ಉಂಡರೆ ಅದು ಹೊಟ್ಟೆಗೇ ಕಟ್ಟುತ್ತದೆ. ಪೊಟಾಸಿಯಮ್ಮಿನ ಪರೀಕ್ಷೆ ಮಾಡಿಸಿ ವೈದ್ಯರು ಅವನಿಗೆ ಒಂದು ಮುದ್ದೆ, ಸೊಪ್ಪಿನ ಸಾರು, ಬಸ್ಸಾರುಗಳನ್ನು ಮರಳಿ ಕೊಟ್ಟರು. ಬಾಡು ಅಪರೂಪಕ್ಕೆ, ಕೊಬ್ಬು ತೆಗೆದು. ಕರಿದ ಬೋಂಡ, ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಬೇಡ. ಬೆಳಗಿನ ಹೊತ್ತು ಒಂದು ಗಂಟೆ ನಡಿಗೆ. ಈಗ ಅವನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತಾನೇ ತೋಟಕ್ಕೆ ಹೋಗಿ ಸೊಪ್ಪು ಕೊಯ್ಯುತ್ತಾನೆ. ತೂಕ 64ಕ್ಕೆ ಬಂದಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ತುಪ್ಪ. ಒಂದು ದೊಡ್ಡ ಚಮಚ ತುಪ್ಪದಲ್ಲಿ 130ರಷ್ಟು ಕ್ಯಾಲೊರಿಯಿದೆಯೆಂದು ನಾನು ತಂಗಿಗೆ ಎಷ್ಟೋ ಸಲ ಹೇಳಿದೆ. ಕ್ಯಾಲೊರಿ ಅವಳಿಗೆ ಅರ್ಥವಾಗದ ಮಾತೇನಲ್ಲ. ಎರಡು ವರ್ಷ ಮಗನ ತಟ್ಟೆಯಿಂದ ಒಂದೊಂದನ್ನೇ ಕಿತ್ತುಕೊಂಡವಳು, ಈಗ ಮತ್ತೆ ಕೈ ಹಿಡಿಯೆಂದರೆ ಅವಳಿಂದಾಗದು. ಕಳೆದ ಸಲ ಹೋಗಿದ್ದಾಗ ನನ್ನ ಮುದ್ದೆಯ ಮೇಲೆ ಧಾರಾಳವಾಗಿ ತುಪ್ಪ ಬಿಟ್ಟು, ಅವನ ಮುದ್ದೆಯ ಮೇಲೆ ಅರ್ಧ ಚಮಚ ಬಿಟ್ಟಳು. ನಾನು ಮುಖ ನೋಡಿದೆ. “ಅಷ್ಟೂ ಹಾಕ್ದೆ ಹೆಂಗಣ್ಣ ಬಡ್ಸೋದು?” ಎಂದಳು. ಆ ಅರ್ಧ ಚಮಚವನ್ನು ವೈದ್ಯೆಯೂ ಒಪ್ಪಿಕೊಂಡಿದ್ದಾರೆ.